ಕಿಲೋಮೀಟರ್ ಸರಿ, ವಾರ ಯಾವುದು?

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಪ್ರವಾಸದ ಪುಟದ ಮೂಲೆಯಲ್ಲಿ ಒಂದು ಪುಟ್ಟ ಬಾಕ್ಸ್ ಇತ್ತು. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ 13,993 ಕಿಲೋಮೀಟರ್, ವಿಮಾನದಲ್ಲಿ ಹದಿನಾರು ಗಂಟೆ ಅಂತ. ನಾನು ಜೋರಾಗಿ ಓದಿದೆ. ಅಡಿಗೆಮನೆಯಿಂದ ನನ್ನ ಹೆಂಡತಿ, "ಹದಿನಾರಾ? ಅದ್ಯಾವ ಲೆಕ್ಕ?" ಅಂದಳು. ನನ್ನದೂ ಅದೇ ಪ್ರಶ್ನೆ. ಮಗಳ ಬಾಣಂತನಕ್ಕೆ ಅಂತ ಹೋದ ವರ್ಷ ನಾವಿಬ್ಬರೂ ಅದೇ ದಾರಿಯಲ್ಲಿ ಹೋಗಿ ಬಂದವರು. ಆ ಒಂದೇ ಪ್ರಯಾಣಕ್ಕೆ ನಾಲ್ಕೈದು ಥರದ ಲೆಕ್ಕ ಇದೆ, ಒಂದಕ್ಕೊಂದು ತಾಳೆ ಆಗಲ್ಲ ಅನ್ನುವುದು ನಮಗೆ ಗೊತ್ತಾಗಿದ್ದು ಹೋಗಿ ಬಂದ ಮೇಲೆ.

ನಾನು ಸಾಗರದವನು. ಅಂಚೆ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ತಾರೀಖಿನ ಮುದ್ರೆ ಒತ್ತಿ ನಿವೃತ್ತನಾದವನು. ತಾರೀಖು ಅಂದ್ರೆ ನನಗೆ ಸ್ವಲ್ಪ ಹುಚ್ಚು ಅಂತ ಮನೆಯಲ್ಲಿ ಹೇಳುತ್ತಾರೆ. ಇರಬಹುದು.

ಮೊದಲು ನಿಮ್ಮ ಬಾಕ್ಸ್ ಬಗ್ಗೆ. ಅದರಲ್ಲಿ ಸುಳ್ಳೇನೂ ಇಲ್ಲ. 13,993 ಅನ್ನುವುದು ಎರಡು ಊರಿನ ನಡುವೆ ಭೂಮಿಯ ಮೈಮೇಲೆ ದಾರ ಎಳೆದು ಹಿಡಿದರೆ ಸಿಗುವ ದೂರ. ದೊಡ್ಡ ವಿಮಾನದ ವೇಗ ಗಂಟೆಗೆ ಸುಮಾರು 900 ಕಿಲೋಮೀಟರ್. ಭಾಗಿಸಿದರೆ ಹದಿನೈದೂವರೆ ಗಂಟೆ ಬರುತ್ತದೆ. ಏರುವುದಕ್ಕೆ, ಇಳಿಯುವುದಕ್ಕೆ ಒಂದು ಅರ್ಧ ಗಂಟೆ ಸೇರಿಸಿ, ಹದಿನಾರು. ಮೊಬೈಲಿನಲ್ಲಿ ಯಾವುದೇ ಎರಡು ಊರಿನ ಹೆಸರು ಹಾಕಿದರೂ ಬರುವ ಉತ್ತರ ಇದೇ ಥರದ್ದು, ದೂರ ಭಾಗಿಸು ವೇಗ, ಮುಗೀತು. ಆ ಲೆಕ್ಕದಲ್ಲಿ ಗಾಳಿ ಇಲ್ಲ, ಬೆಟ್ಟ ಇಲ್ಲ, ಯುದ್ಧ ಇಲ್ಲ, ಕ್ಯೂ ಇಲ್ಲ.

ದಾರ ಎಳೆಯುವುದು ಅಂದೆನಲ್ಲ, ಅದನ್ನು ನಾನು ನಿಜಕ್ಕೂ ಮಾಡಿ ನೋಡಿದ್ದೇನೆ. ವಿಮಾನ ನಿಲ್ದಾಣದ ದಾರಿಯಲ್ಲಿ ದೇವನಹಳ್ಳಿ ಚಕ್ಕೋತ ಸಿಗುತ್ತದಲ್ಲ, ವಾಪಸ್ ಬರುವಾಗ ಒಂದೆರಡು ತಂದಿದ್ದೆವು. ಮಗಳು ಫೋನಿನಲ್ಲಿ, "ಅಪ್ಪಾ, ವಿಮಾನ ಯಾಕೆ ಅಷ್ಟು ಉತ್ತರಕ್ಕೆ ಹೋಗುತ್ತೆ, ಸೀದಾ ಪೂರ್ವಕ್ಕೆ ಹೋಗಬಾರದಾ?" ಅಂತ ಕೇಳಿದ್ದು ತಲೆಯಲ್ಲಿತ್ತು. ದೊಡ್ಡ ಹಣ್ಣೊಂದನ್ನು ತೆಗೆದುಕೊಂಡು ಟೇಪಿನಲ್ಲಿ ಸುತ್ತಳತೆ ನೋಡಿದೆ, ಹತ್ತಿರ ಹತ್ತಿರ 50 ಸೆಂಟಿಮೀಟರ್. ಭೂಮಿಯ ಸುತ್ತಳತೆ 40 ಸಾವಿರ ಕಿಲೋಮೀಟರ್. ಅಂದರೆ ಹಣ್ಣಿನ ಮೇಲೆ ಒಂದು ಸೆಂಟಿಮೀಟರ್ ಅಂದ್ರೆ 800 ಕಿಲೋಮೀಟರ್. ತೊಟ್ಟನ್ನೇ ಉತ್ತರ ಧ್ರುವ ಅಂದುಕೊಂಡು ಪೆನ್ನಿನಲ್ಲಿ ಎರಡು ಚುಕ್ಕಿ ಇಟ್ಟೆ. ಶಾಲೆಯ ಅಟ್ಲಾಸಿನಲ್ಲಿ ನೋಡಿದರೆ ಒಂದು ಎಡಗಡೆ, ಇನ್ನೊಂದು ಬಲಗಡೆ. ಹಣ್ಣಿನ ಮೇಲೆ ನೋಡಿದರೆ ಒಂದು ಈ ಕಡೆ ಹೊಟ್ಟೆ, ಇನ್ನೊಂದು ಹೆಚ್ಚುಕಡಿಮೆ ಅದರ ಬೆನ್ನು! ಬಾಳೆಪಟ್ಟೆಯ ನಾರು ಒಂದೆಳೆ ಬಿಗಿಯಾಗಿ ಎಳೆದೆ. ಪಕ್ಕದಲ್ಲಿ ಸುತ್ತಿ ಹೋಗುವಂತೆ ಹಿಡಿದರೆ ನಾರು ಸಡಿಲ ಆಗಿ ತಾನೇ ಮೇಲಕ್ಕೆ ಜಾರುತ್ತದೆ, ತೊಟ್ಟಿನ ಹತ್ತಿರಕ್ಕೆ ಬಂದಾಗ ಮಾತ್ರ ಬಿಗಿ ನಿಲ್ಲುತ್ತದೆ. ಅಳೆದೆ, ಹದಿನೇಳೂವರೆ ಸೆಂಟಿಮೀಟರ್. ನಿಮ್ಮ 13,993 ಅದೇ.

ಆ ನಾರಿನ ಕೆಳಗೆ ಬರುವ ಊರುಗಳು ಯಾವುವು ಅಂದ್ರೆ ನೇಪಾಳ, ಟಿಬೆಟ್, ಮಂಗೋಲಿಯಾ, ಸೈಬೀರಿಯಾ, ಆಮೇಲೆ ಹಿಮದ ಸಮುದ್ರ ದಾಟಿ ಅಲಾಸ್ಕಾ. ಇನ್ನು ವಿಮಾನ ಹಾರುವ ಎತ್ತರ, ಹನ್ನೊಂದು ಕಿಲೋಮೀಟರ್, ಈ ಹಣ್ಣಿನ ಅಳತೆಯಲ್ಲಿ ಎರಡು ಕೂದಲೆಳೆ ದಪ್ಪ. ಮೇಲೆ ಹೋಗಿದ್ದಕ್ಕೆ ದೂರ ಜಾಸ್ತಿ ಆಗುವುದಿಲ್ಲವಾ ಅಂತ ಕೇಳುವವರಿಗೆ ಅಷ್ಟು ಹೇಳಿದರೆ ಸಾಕು.

ಆದರೆ ವಿಮಾನ ಆ ನಾರಿನ ಮೇಲೇ ಹೋಗುತ್ತದೆ ಅಂದುಕೊಳ್ಳಬೇಡಿ. ಟಿಬೆಟ್ ನೆಲವೇ ನಾಲ್ಕೂವರೆ ಸಾವಿರ ಮೀಟರ್ ಎತ್ತರದಲ್ಲಿದೆ. ವಿಮಾನದ ಒಳಗಿನ ಗಾಳಿಯ ಒತ್ತಡ ಇದ್ದಕ್ಕಿದ್ದಂತೆ ಹೋದರೆ ಪೈಲಟ್ ಮೂರು ಸಾವಿರ ಮೀಟರಿಗೆ ಇಳಿಸಲೇಬೇಕು. ಮೇಲಿಂದ ಇಳಿಬೀಳುವ ಮಾಸ್ಕಿನ ಆಮ್ಲಜನಕ ಸಾಮಾನ್ಯವಾಗಿ ಹದಿನೈದು ನಿಮಿಷದ ಒಳಗಿನ ಮಾತು. ಕೆಳಗೆ ನೆಲವೇ ಅದಕ್ಕಿಂತ ಎತ್ತರ ಇದ್ದರೆ ಇಳಿಯುವುದು ಎಲ್ಲಿಗೆ? ಅದಕ್ಕೇ ಆ ಕಡೆ ಹೆಚ್ಚು ಯಾರೂ ಹೋಗುವುದಿಲ್ಲ, ಸುತ್ತಿಕೊಂಡು ಹೋಗುತ್ತಾರೆ. ರಷ್ಯಾದ ಆಕಾಶ 2022ರಿಂದ ಅಮೆರಿಕದ ವಿಮಾನಗಳಿಗೆ ಬಂದ್. ಅಮೆರಿಕದ ಒಂದು ಕಂಪನಿ ಆ ವರ್ಷ ಬೆಂಗಳೂರಿಗೆ ನೇರ ವಿಮಾನ ಬಿಡುತ್ತೇವೆ ಅಂತ ಹೇಳಿ ಇದೇ ಕಾರಣಕ್ಕೆ ಮುಂದೆ ಹಾಕಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ನಮ್ಮ ವಿಮಾನಗಳಿಗೆ ಆಕಾಶ ಮುಚ್ಚಿದಾಗ ದೆಹಲಿಯಿಂದ ಅಮೆರಿಕಕ್ಕೆ ಹೋಗುವ ಕೆಲವು ವಿಮಾನಗಳು ವಿಯೆನ್ನಾದಲ್ಲಿ ಇಳಿದು ಇಂಧನ ತುಂಬಿಸಿಕೊಂಡು ಹೋಗಬೇಕಾಯಿತು. ಊರು ಇದ್ದಲ್ಲೇ ಇದೆ, ದೂರ ಮಾತ್ರ ಬೆಳೀತು.

ಎಲ್ಲಕ್ಕಿಂತ ಜಾಸ್ತಿ ಆಟ ಆಡಿಸುವುದು ಗಾಳಿ. ವಿಮಾನ ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯ ಹಾಗೆ ಗಾಳಿ ಹರಿಯುತ್ತದೆ, ಚಳಿಗಾಲದಲ್ಲಿ ಅದರ ಜೋರು ಹೆಚ್ಚು. ಸುಮ್ನೆ ಒಂದು ಲೆಕ್ಕಕ್ಕೆ, ದಾರಿಯುದ್ದಕ್ಕೂ ಗಂಟೆಗೆ 100 ಕಿಲೋಮೀಟರ್ ಗಾಳಿ ಬೆನ್ನಿಗೆ ಸಿಕ್ಕಿದರೆ 900 ಹೋಗುವ ವಿಮಾನ ನೆಲದ ಲೆಕ್ಕದಲ್ಲಿ 1,000 ಹೋಗುತ್ತದೆ, ಹದಿನಾಲ್ಕು ಗಂಟೆಯಲ್ಲಿ ಊರು ಮುಟ್ಟುತ್ತದೆ. ಅದೇ ಗಾಳಿ ಎದೆಗೆ ಬಂದರೆ 800, ಹದಿನೇಳೂವರೆ ಗಂಟೆ. ದಾರಿ ಅದೇ, ಮೂರೂವರೆ ಗಂಟೆ ವ್ಯತ್ಯಾಸ. ಹಾಗಾಗಿ ಪೈಲಟ್‌ಗಳು ಹುಡುಕುವುದು ಹತ್ತಿರದ ದಾರಿಯನ್ನಲ್ಲ, ಗಾಳಿ ಒಪ್ಪುವ ದಾರಿಯನ್ನು. ತುಂಬಿದ ಶರಾವತಿಯಲ್ಲಿ ದೋಣಿ ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಬಂದದ್ದು ನಿಮ್ಮ ಪತ್ರಿಕೆಯಲ್ಲೂ ಬಂದಿತ್ತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಜೊತೆಗಿದ್ದ ಪೈಲಟ್‌ಗಳೆಲ್ಲ ಹೆಣ್ಣುಮಕ್ಕಳು, ಬೋಯಿಂಗ್ 777 ವಿಮಾನ, ಉತ್ತರ ಧ್ರುವದ ಮೇಲಿಂದ ತಂದು ಇಳಿಸಿದರು. ಧ್ರುವದ ಮೇಲೆ ಹೋಗುವುದು ನನ್ನ ನಾರಿನ ದಾರಿಗಿಂತ ಉದ್ದ, ಕಡಿಮೆ ಅಂದರೂ 14,300 ದಾಟುತ್ತದೆ. ಆದರೂ ಅಲ್ಲಿಂದಲೇ ಬಂದರು. ನಾನು ಆಗ ಗಮನಿಸಿದ್ದು ಬೇರೆಯೇ. ಹೊರಟಿದ್ದು ಜನವರಿ 9ರ ಶನಿವಾರ ರಾತ್ರಿ, ಇಳಿದಿದ್ದು 11ರ ಸೋಮವಾರ ನಸುಕಿಗೆ. ಹಾರಿದ್ದು ಹದಿನೇಳು ಚಿಲ್ಲರೆ ಗಂಟೆ. ಭಾನುವಾರ ಎಲ್ಲಿ ಹೋಯಿತು? ನನ್ನ ಕಚೇರಿಯ ದಿನಗಳಾಗಿದ್ದರೆ ಅದಕ್ಕೊಂದು ವಿವರಣೆ ಬರೆದು ಮೇಲಿನವರಿಗೆ ಕಳಿಸಬೇಕಿತ್ತು.

ನಡುವೆ ಒಂದು ಮಾತು. ಮಾರಿಗುಡಿ ಹತ್ತಿರ ಸಂಜೆ ಕೂರುವ ನಮ್ಮ ಗುಂಪಿನಲ್ಲಿ ಒಬ್ಬರಿಗೆ ಒಂದೇ ಹಟ. ಭೂಮಿ ತಿರುಗುತ್ತದಲ್ಲ, ವಿಮಾನ ಸುಮ್ಮನೆ ಮೇಲೆ ಹೋಗಿ ನಿಂತರೆ ಅಮೆರಿಕ ತಾನೇ ಕೆಳಗೆ ಬರಬೇಕಲ್ಲ, ಇಂಧನ ಯಾಕೆ ಸುಡಬೇಕು ಅಂತ. ಬೆಂಗಳೂರಿನ ನೆಲ ಗಂಟೆಗೆ 1,600 ಕಿಲೋಮೀಟರಿಗಿಂತ ಜಾಸ್ತಿ ವೇಗದಲ್ಲಿ ತಿರುಗುತ್ತಿರುವುದು ನಿಜ. ಆದರೆ ಗಾಳಿಯೂ ಅದರ ಜೊತೆಗೇ ತಿರುಗುತ್ತದೆ, ಗಾಳಿಯೊಳಗಿನ ವಿಮಾನವೂ. ಓಡುವ ಬಸ್ಸಿನೊಳಗೆ ನೊಣ ಹಾರಿದರೆ ಹಿಂದಿನ ಗಾಜಿಗೆ ಅಪ್ಪಳಿಸುತ್ತದಾ ಅಂತ ಕೇಳಿದೆ. ಅವರಿನ್ನೂ ಒಪ್ಪಿಲ್ಲ.

ಈಗ ನಮ್ಮ ಕಥೆ. ನೇರ ವಿಮಾನ ಇದ್ದಾಗಲೂ ವಾರದ ಎಲ್ಲ ದಿನ ಇರುತ್ತಿರಲಿಲ್ಲ, ನಡುವೆ ನಿಂತು 2022ರ ಡಿಸೆಂಬರ್‌ನಲ್ಲಿ ಮತ್ತೆ ಶುರುವಾದದ್ದೂ ಇದೆ. ನಮ್ಮಂಥವರು ಹೆಚ್ಚಾಗಿ ಹೋಗುವುದು ನಡುವೆ ಒಂದು ಕಡೆ ಇಳಿದು ಹತ್ತುವ ಟಿಕೆಟ್‌ನಲ್ಲಿ. ದುಬೈ ಮೇಲೆ ಹೋದರೆ ಸುಮಾರು 15,700 ಕಿಲೋಮೀಟರ್, ಫ್ರಾಂಕ್‌ಫರ್ಟ್ ಮೇಲೆ ಹೋದರೆ 16,500 ಹತ್ತಿರ. ನಿಮ್ಮ ಬಾಕ್ಸಿನ ದೂರ ಅಲ್ಲೇ ಮುರಿದು ಬೀಳುತ್ತದೆ. ನಮ್ಮದು ಕೊಲ್ಲಿಯ ಒಂದು ಊರಿನ ಮೇಲಿನ ದಾರಿ. ಟಿಕೆಟ್‌ನಲ್ಲಿ ಹೀಗಿತ್ತು: ಬೆಂಗಳೂರು ಬಿಡುವುದು ಮಂಗಳವಾರ 04:00, ಸ್ಯಾನ್ ಫ್ರಾನ್ಸಿಸ್ಕೊ ಸೇರುವುದು ಮಂಗಳವಾರ 15:30. ನನ್ನ ಹೆಂಡತಿ ಬೆರಳು ಮಡಚಿ ಎಣಿಸಿ, "ಹನ್ನೊಂದೂವರೆ ಗಂಟೆ, ಬೆಂಗಳೂರಿನ ರಾತ್ರಿ ಬಸ್ಸಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ" ಅಂತ ಖುಷಿಪಟ್ಟಳು. ವಾಪಸಿನ ಟಿಕೆಟ್ ಶುಕ್ರವಾರ 16:00ಕ್ಕೆ ಹೊರಟು ಭಾನುವಾರ 04:30ಕ್ಕೆ ಬೆಂಗಳೂರು. ಅದು ಮೂವತ್ತಾರೂವರೆ ಗಂಟೆ! ಎರಡೂ ಅದೇ ಪ್ರಯಾಣ, ನಿಜವಾಗಿ ಎರಡೂ ಇಪ್ಪತ್ತನಾಲ್ಕು ಗಂಟೆ. ಟಿಕೆಟ್‌ನಲ್ಲಿ ಹೊರಡುವ ಹೊತ್ತು ಹೊರಡುವ ಊರಿನ ಗಡಿಯಾರದ್ದು, ಸೇರುವ ಹೊತ್ತು ಸೇರುವ ಊರಿನ ಗಡಿಯಾರದ್ದು ಅನ್ನುವುದನ್ನು ಎಲ್ಲೂ ಕಣ್ಣಿಗೆ ಕಾಣುವ ಹಾಗೆ ಬರೆದಿರುವುದಿಲ್ಲ.

ಮನೆ ಲೆಕ್ಕ ಕೇಳಿ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಸಾಗರದ ಮನೆಯ ಬಾಗಿಲು ಹಾಕಿದೆವು. ಬೆಂಗಳೂರಿಗೆ ಮುಟ್ಟಿದ್ದು ಸಂಜೆ ಐದಕ್ಕೆ. ಮಲ್ಲೇಶ್ವರದಲ್ಲಿ ತಂಗಿಯ ಮನೆಯಲ್ಲಿ ಸಾರು ಅನ್ನ ಉಂಡು, ಸೂಟ್‌ಕೇಸನ್ನು ಇನ್ನೊಮ್ಮೆ ಸ್ನಾನದ ಮನೆಯ ತೂಕದ ಮೆಷಿನ್ ಮೇಲೆ ಇಟ್ಟು, ರಾತ್ರಿ ಹನ್ನೊಂದೂವರೆಗೆ ಹೊರಟು, ವಿಮಾನ ನಿಲ್ದಾಣದಲ್ಲಿ ಎರಡು ಮೂರು ಕ್ಯೂ ನಿಂತು, ನಾಲ್ಕಕ್ಕೆ ವಿಮಾನ. ನಾಲ್ಕು ಗಂಟೆ ಹಾರಾಟ, ನಾಲ್ಕು ಗಂಟೆ ಕಾಯುವುದು, ಮತ್ತೆ ಹದಿನಾರು ಗಂಟೆ ಹಾರಾಟ. ಇಳಿದ ಮೇಲೆ ಪಾಸ್‌ಪೋರ್ಟ್ ಸಾಲು ಮತ್ತು ಪೆಟ್ಟಿಗೆಗೆ ಎರಡು ಗಂಟೆ, ಫ್ರೀಮಾಂಟ್‌ನ ಮಗಳ ಮನೆಗೆ ಕಾರಿನಲ್ಲಿ ಒಂದು ಗಂಟೆ. ಬಾಗಿಲಿಂದ ಬಾಗಿಲಿಗೆ ನಲವತ್ತಾರು ಗಂಟೆ. ಅದರಲ್ಲಿ ಗಾಳಿಯಲ್ಲಿ ಇದ್ದದ್ದು ಇಪ್ಪತ್ತು. ನಿಮ್ಮ ಹದಿನಾರನ್ನು ಕೇಳಿ ಅಡಿಗೆಮನೆಯಿಂದ ಪ್ರಶ್ನೆ ಬಂದಿದ್ದು ಇದಕ್ಕೇ.

ಇಷ್ಟೇ ಆಗಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ಸುಸ್ತು ಆಗುತ್ತದೆ, ಹೋಗುತ್ತದೆ. ಬರೆಯುತ್ತಿರುವುದು ನಮ್ಮ ಭಾವನ ವಿಷಯಕ್ಕೆ.

ಭಾವ ಮತ್ತು ಅಕ್ಕ ನಮಗಿಂತ ಮೊದಲೇ ಮಗನ ಮನೆಗೆ ಹೊರಟವರು. ಟಿಕೆಟ್‌ನಲ್ಲಿ ಶನಿವಾರ 01:20 ಅಂತ ಇತ್ತು. ಭಾವ ಲೆಕ್ಕದಲ್ಲಿ ಪಕ್ಕಾ ಮನುಷ್ಯ, ಅಡಿಕೆ ಮಂಡಿಯಲ್ಲಿ ಯಾರೂ ಅವರಿಗೆ ಒಂದು ರೂಪಾಯಿ ತಪ್ಪಿಸಲಾರರು. ಶನಿವಾರ ಅಂದ್ರೆ ಶನಿವಾರ ಅಂತ ಶುಕ್ರವಾರ ಸಂಜೆ ನಿಶ್ಚಿಂತೆಯಿಂದ ತೋಟಕ್ಕೆ ನೀರು ಬಿಟ್ಟು, ರಾತ್ರಿ ಮಲಗಿ, ಶನಿವಾರ ಬೆಳಿಗ್ಗೆ ಊರು ಬಿಟ್ಟರು. ರಾತ್ರಿ ಒಂದೂ ಇಪ್ಪತ್ತಕ್ಕೆ ವಿಮಾನ, ಹತ್ತು ಗಂಟೆಗೇ ಕೌಂಟರ್ ಮುಂದೆ ನಿಂತಿದ್ದಾರೆ. ಕೌಂಟರಿನ ಹುಡುಗಿ ಕಾಗದ ನೋಡಿ, ಇವರ ಮುಖ ನೋಡಿ, ಮತ್ತೆ ಕಾಗದ ನೋಡಿ, "ಸರ್, ನಿಮ್ಮ ಫ್ಲೈಟ್ ನಿನ್ನೆ ರಾತ್ರಿನೇ ಹೋಯ್ತಲ್ಲ" ಅಂದಳಂತೆ. ಭಾವ ಸಮಾಧಾನದಿಂದಲೇ, "ಇವತ್ತು ಶನಿವಾರ ಅಲ್ವಾಮ್ಮಾ? ಇದರಲ್ಲೂ ಶನಿವಾರ ಅಂತಲೇ ಇದೆ" ಅಂದರು. ಅವಳಿಗೆ ಹೇಗೆ ಹೇಳಬೇಕು ಗೊತ್ತಾಗಲಿಲ್ಲ. ಅಕ್ಕನಿಗೆ ಅರ್ಥ ಆಗಿಬಿಟ್ಟಿತ್ತು, ಅವಳು ಟ್ರಾಲಿ ಹಿಡಿದುಕೊಂಡೇ ಕೂತುಬಿಟ್ಟಳು. ಅದರಲ್ಲಿ ಎರಡು ಕಿಲೋ ಅಪ್ಪೆಮಿಡಿ ಉಪ್ಪಿನಕಾಯಿ, ಮೊಮ್ಮಗನಿಗೆ ಉಂಡೆ. ಹೊಸ ಟಿಕೆಟ್‌ಗೆ ಆದ ಖರ್ಚನ್ನು ಭಾವ ಇವತ್ತಿಗೂ ಬಾಯಿಬಿಟ್ಟು ಹೇಳಿಲ್ಲ.

ಊರಿನಲ್ಲಿ ಎಲ್ಲರೂ ನಕ್ಕರು. ನಾನೂ ಮೊದಲು ನಕ್ಕೆ. ಆಮೇಲೆ ಯೋಚನೆ ಮಾಡಿದರೆ ಭಾವ ಮಾಡಿದ್ದರಲ್ಲಿ ತಪ್ಪೇನು ಅಂತ ಅನಿಸಿತು. ನಮ್ಮ ಪಂಚಾಂಗದಲ್ಲಿ ವಾರ ಶುರುವಾಗುವುದು ಸೂರ್ಯ ಹುಟ್ಟಿದಾಗ. ಶುಕ್ರವಾರ ಮಲಗಿ ನಡುರಾತ್ರಿ ಎದ್ದರೆ ಅದು ಶುಕ್ರವಾರ ರಾತ್ರಿಯೇ, ಕೋಳಿ ಕೂಗಿದ ಮೇಲೆ ಶನಿವಾರ. ಯಕ್ಷಗಾನ ಬೆಳಗಿನವರೆಗೆ ನಡೆದರೂ ಅದು ಶುಕ್ರವಾರದ ಆಟ. ಪಂಚಾಂಗ ಹಾಗಿರಲಿ, ಗಡಿಯಾರ ನೋಡಿ ಕೆಲಸ ಮಾಡುವ ನಮ್ಮ ಅಂಚೆ ಕಚೇರಿಯನ್ನೇ ನೋಡಿ. ಮುದ್ರೆಯ ತಾರೀಖನ್ನು ನಡುರಾತ್ರಿ ಎದ್ದು ಹೋಗಿ ಬದಲಿಸುತ್ತಿದ್ದೆವಾ? ಬೆಳಿಗ್ಗೆ ಬಾಗಿಲು ತೆಗೆದು, ನಿನ್ನೆಯ ಅಂಕಿ ಕಿತ್ತು, ಇವತ್ತಿನದು ಕೂರಿಸಿ, ಪುಸ್ತಕದಲ್ಲಿ ಒಂದು ಮುದ್ರೆ ಒತ್ತಿ ಸರಿ ಇದೆಯಾ ಅಂತ ನೋಡಿ, ಆಮೇಲೆ ಕಾಗದಗಳ ಮೇಲೆ. ನನಗೂ ಮೂವತ್ತನಾಲ್ಕು ವರ್ಷ ದಿನ ಬದಲಾಗಿದ್ದು ಬೆಳಿಗ್ಗೆಯೇ. ಬೆಂಗಳೂರಿನಿಂದ ದೂರದ ದೇಶಕ್ಕೆ ಹೋಗುವ ಎಷ್ಟೋ ವಿಮಾನಗಳು ಹೊರಡುವುದು ಸರಿಯಾಗಿ ಈ ನಡುರಾತ್ರಿ ಮತ್ತು ನಸುಕಿನ ನಡುವಿನ ಹೊತ್ತಲ್ಲಿ. ಬೇರೆಯವರಿಗೂ ಹೀಗೆ ಆಗಿದೆಯಾ ಅಂತ ಕೇಳಿದೆ, ಸಾಗರ ಪೇಟೆಯಲ್ಲೇ ಇನ್ನೊಂದು ಮನೆ ಸಿಕ್ಕಿತು.

ಅದಕ್ಕೇ ನಿಮ್ಮಲ್ಲಿ ಕೇಳುವುದು ಇಷ್ಟು. ಮುಂದಿನ ಸಲ ಇಂಥ ಬಾಕ್ಸ್ ಹಾಕುವಾಗ ಕಿಲೋಮೀಟರನ್ನು ಚಿಕ್ಕದಾಗಿ ಬರೆಯಿರಿ, ಅದನ್ನು ತಿಳಿದು ಯಾರಿಗೂ ಏನೂ ಆಗಬೇಕಿಲ್ಲ. ಹೊರಡುವ ಹೊತ್ತನ್ನು ನಮ್ಮ ಮಾತಿನಲ್ಲಿ ಬರೆಯಿರಿ. "ಶನಿವಾರ 01:20" ಅಂತ ಅಲ್ಲ, "ಶುಕ್ರವಾರ ರಾತ್ರಿ ಊಟ ಆದ ಮೇಲೆ, ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ" ಅಂತ. ಸೇರುವ ಹೊತ್ತನ್ನು ಎರಡು ಸಲ ಕೊಡಿ, ಅಲ್ಲಿನ ಗಡಿಯಾರದಲ್ಲಿ ಎಷ್ಟು, ಆಗ ನಮ್ಮೂರಿನಲ್ಲಿ ಎಷ್ಟು. ಹೋಗುವುದಕ್ಕೂ ಬರುವುದಕ್ಕೂ ಬೇರೆ ಬೇರೆ ಗಂಟೆ ಹಾಕಿ. ಟಿಕೆಟ್ ಮಾಡಿಸಿಕೊಡುವ ಏಜೆಂಟರು ಓದುತ್ತಿದ್ದರೆ ಅವರಿಗೂ ಇದೇ ಮಾತು. ಮೂರು ಪುಟದ ಆ ಕಾಗದದ ಮೇಲೆ ಪೆನ್ನಿನಲ್ಲಿ ಒಂದು ಸಾಲು ಕನ್ನಡದಲ್ಲಿ ಬರೆದುಕೊಡುವುದಕ್ಕೆ ಎಷ್ಟು ಹೊತ್ತು ಬೇಕು? ಮಕ್ಕಳಿಗೂ ಹೇಳುವುದಿದೆ. ಅಲ್ಲಿ ಕೂತು ಟಿಕೆಟ್ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಿಬಿಟ್ಟರೆ ಮುಗಿಯಲಿಲ್ಲ, ಫೋನು ಮಾಡಿ ಯಾವ ರಾತ್ರಿ ಅಂತ ಬಾಯಲ್ಲಿ ಹೇಳಿ.

ಗಡಿಯಾರದ ಲೆಕ್ಕ ಹಿರಿಯರಿಗೆ ಕಷ್ಟ ಅಂತೇನೂ ಅಲ್ಲ, ಹೇಳುವವರು ಬೇಕು. ಕ್ಯಾಲಿಫೋರ್ನಿಯಾ ನಮಗಿಂತ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ. ಮಾರ್ಚ್ ತಿಂಗಳ ಎರಡನೇ ಭಾನುವಾರ ಅವರು ಗಡಿಯಾರ ಒಂದು ಗಂಟೆ ಮುಂದೆ ತಳ್ಳುತ್ತಾರೆ, ನವೆಂಬರ್ ಮೊದಲ ಭಾನುವಾರ ಹಿಂದಕ್ಕೆ ಎಳೆಯುತ್ತಾರೆ. ಹಾಗಾಗಿ ನಮ್ಮ ಬೆಳಿಗ್ಗೆ ಏಳು ಗಂಟೆ ಅಂದ್ರೆ ಅವರಿಗೆ ಹಿಂದಿನ ದಿನದ ಸಂಜೆ ಆರೂವರೆ, ಚಳಿಗಾಲದಲ್ಲಿ ಐದೂವರೆ. ನನ್ನ ಹೆಂಡತಿ ಇದನ್ನು ಇನ್ನೂ ಸುಲಭ ಮಾಡಿಕೊಂಡಿದ್ದಾಳೆ: ನಾವು ಕಾಫಿ ಕುಡಿಯುವಾಗ ಅಲ್ಲಿ ದೀಪ ಹಚ್ಚುವ ಹೊತ್ತು.

ಅವಳಿಗೆ ಸಕ್ಕರೆ ಕಾಯಿಲೆ ಇದೆ, ದಿನಕ್ಕೆ ಎರಡು ಹೊತ್ತು ಮಾತ್ರೆ. ವಿಮಾನದಲ್ಲಿ ಯಾವ ಊರಿನ ಬೆಳಿಗ್ಗೆ ನೋಡಿ ನುಂಗಬೇಕು ಅನ್ನುವುದೇ ನಮ್ಮ ದೊಡ್ಡ ತಲೆನೋವಾಗಿತ್ತು. ಕಿಟಕಿ ಮುಚ್ಚಿಸುತ್ತಾರೆ, ಮಧ್ಯರಾತ್ರಿ ಊಟ ಕೊಡುತ್ತಾರೆ, ಊಟ ಆದ ಮೇಲೆ ಮತ್ತೆ ರಾತ್ರಿ. ಹೊರಡುವ ಮೊದಲು ಡಾಕ್ಟರು, ಪ್ರಯಾಣದಲ್ಲಿ ಇರುವಷ್ಟು ಹೊತ್ತು ಊರಿನ ಟೈಮೇ ಇಟ್ಟುಕೊಳ್ಳಿ, ಅಲ್ಲಿ ಹೋದ ಮೇಲೆ ಹೇಗೆ ಬದಲಿಸುವುದು ಅಂತ ಒಂದು ಚೀಟಿ ಬರೆದುಕೊಟ್ಟರು. ಬೇರೆಯವರು ತಮ್ಮ ಡಾಕ್ಟರನ್ನೇ ಕೇಳಬೇಕು, ಇನ್ಸುಲಿನ್ ತೆಗೆದುಕೊಳ್ಳುವವರಂತೂ ಕೇಳಲೇಬೇಕು. ನನ್ನ ಹಳೆಯ ಎಚ್‌ಎಂಟಿ ಕೈಗಡಿಯಾರವನ್ನು ನಲವತ್ತಾರು ಗಂಟೆಯೂ ಮುಟ್ಟಲಿಲ್ಲ. ದಿನಕ್ಕೊಂದು ಸಲ ಕೀ ಕೊಟ್ಟಿದ್ದು ಬಿಟ್ಟರೆ ಅದು ಸಾಗರದ ಹೊತ್ತನ್ನೇ ತೋರಿಸುತ್ತಾ ಬಂತು. ಪಕ್ಕದ ಸೀಟಿನ ಹುಡುಗ ತನ್ನ ಫೋನು ತೋರಿಸಿ, "ಅಂಕಲ್, ನಿಮ್ಮ ವಾಚ್ ತಪ್ಪಿದೆ" ಅಂದ. ಇರಲಿ ಬಿಡಪ್ಪಾ ಅಂದೆ.

ಭಾವ, ಅಕ್ಕ ಬರುವ ತಿಂಗಳು ಮತ್ತೆ ಹೊರಟಿದ್ದಾರೆ. ಈ ಸಲದ ಟಿಕೆಟ್ ಗುರುವಾರ 02:50. ಮೊನ್ನೆ ಭಾವ ಫೋನು ಮಾಡಿ ಬೇರೇನೂ ಮಾತಾಡದೆ, "ಬುಧವಾರ ರಾತ್ರಿ ಊಟ ನಿನ್ನ ತಂಗಿ ಮನೆಯಲ್ಲಿ ತಾನೇ?" ಅಂತ ಕೇಳಿದರು. ಹೌದು ಅಂದೆ. "ಬುಧವಾರ ಅಲ್ವಾ?" ಅಂತ ಇನ್ನೊಮ್ಮೆ ಕೇಳಿ ಇಟ್ಟರು.

ಇಂತಿ,
ನಿಮ್ಮ ಹಳೆಯ ಓದುಗ,
ಸಾಗರ